ತೋಟದಲ್ಲೊಂದು ಮಣ್ಣಿನ ಕಟ್ಟೆ

ಹಿತ್ತಲಿನ ತೋಟದಲ್ಲಿ ಸಂಜೆಯ ಹೊತ್ತು ಕುಳಿತು ಓದಲು ಒಂದು ಕಟ್ಟೆಯಿದ್ದರೆ ಎಷ್ಟು ಸೊಗಸು! ಇಟ್ಟಿಗೆ, ಸಿಮೆಂಟುಗಳ ಹಂಗಿಲ್ಲದೆ ಕಾಲಡಿಯ ಮಣ್ಣಿನಿಂದಲೇ ಅದನ್ನು ಕಟ್ಟಬಹುದೆಂದು ನಾವೂ ಒಮ್ಮೆ ಹೊರಟೆವು. ಎರಡು ಭಾನುವಾರಗಳಲ್ಲಿ ಕಟ್ಟೆ ಎದ್ದು ನಿಂತಿತು. ಆದರೆ ಮುಂಗಾರಿನ ಮೂರನೆಯ ಮಳೆಗೇ ಅದರ ಬುಡ ಕರಗಿ, ಕಟ್ಟೆಯೆಂಬುದು ಕೆಸರಿನ ಗುಡ್ಡೆಯಾಯಿತು. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಮಣ್ಣಿನ ಗೋಡೆಗಳು ನಿಂತಿರುವಾಗ ನಮ್ಮ ಕಟ್ಟೆಗೆ ಮಾತ್ರ ಈ ಗತಿ ಏಕೆ ಬಂದಿತು?

ಮಣ್ಣು ಒಂದೇ ವಸ್ತುವಲ್ಲ. ಅದು ಮರಳು, ರೇವೆ, ಜೇಡಿಗಳ ಮಿಶ್ರಣ. ಮರಳು ಅದರ ಎಲುಬು, ಜೇಡಿ ಅದರ ಅಂಟು. ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಚಿಕ್ಕವು. ಅವುಗಳ ನಡುವೆ ತೆಳುವಾದ ನೀರಿನ ಪೊರೆಯಿರುವಾಗ ಆ ಪೊರೆಯ ಸೆಳೆತವೇ ಕಣಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬಿಗಿ ಸಡಿಲವಾಗುತ್ತದೆ. ಮಣ್ಣನ್ನು ಕಟ್ಟುವುದೂ ನೀರೇ, ಕೆಡಹುವುದೂ ನೀರೇ. ಆದುದರಿಂದ ಕಟ್ಟೆಯ ಆಕಾರವನ್ನು ಚಿತ್ರಿಸುವ ಮೊದಲು ನೀರಿನ ದಾರಿಯನ್ನು ಯೋಚಿಸಬೇಕು.

ಮೊದಲು ಮಣ್ಣನ್ನು ಪರೀಕ್ಷಿಸೋಣ. ಬೇರು, ಗೊಬ್ಬರಗಳಿರುವ ಮೇಲ್ಮಣ್ಣನ್ನು ಗಿಡಗಳಿಗೆ ಬಿಟ್ಟು, ಒಂದಡಿ ಕೆಳಗಿನ ಮಣ್ಣನ್ನು ತೆಗೆದುಕೊಳ್ಳಬೇಕು. ಗಾಜಿನ ಜಾಡಿಯ ಮೂರನೆಯ ಒಂದು ಭಾಗಕ್ಕೆ ಈ ಮಣ್ಣನ್ನೂ ಉಳಿದ ಭಾಗಕ್ಕೆ ನೀರನ್ನೂ ತುಂಬಿ, ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ರೇವೆಗೆ ಗಂಟೆಗಳು ಬೇಕು. ಜೇಡಿಗೆ ಒಂದು ದಿನವೂ ಸಾಲದಿರಬಹುದು. ಕಣದ ವ್ಯಾಸ ಹತ್ತರಲ್ಲೊಂದಾದರೆ ಅದು ಮುಳುಗುವ ವೇಗ ನೂರರಲ್ಲೊಂದಾಗುತ್ತದೆಂಬುದು 1851ರಲ್ಲಿ ಜಾರ್ಜ್ ಸ್ಟೋಕ್ಸ್ ಪ್ರಕಟಿಸಿದ ನಿಯಮದ ಫಲ. ಪದರಗಳನ್ನು ಅಳೆದಾಗ ಜೇಡಿ ಸುಮಾರು ಐದನೆಯ ಒಂದು ಪಾಲಿದ್ದರೆ ಒಳ್ಳೆಯದು. ಇದು ಸ್ಥೂಲವಾದ ಅಳತೆ. ಆದುದರಿಂದ ಒಂದೆರಡು ಹಸಿ ಇಟ್ಟಿಗೆಗಳನ್ನು ಮಾಡಿ ನೆರಳಿನಲ್ಲಿ ಒಣಗಿಸಿ ನೋಡಬೇಕು: ಬಿರುಕು ಬಿಟ್ಟರೆ ಮರಳನ್ನೂ, ಉದುರಿದರೆ ಜೇಡಿಯನ್ನೂ ಬೆರೆಸಬೇಕು. ನೆನೆದರೆ ಉಬ್ಬುವ, ಒಣಗಿದರೆ ಸೀಳುವ ಎರೆಮಣ್ಣು ಈ ಕೆಲಸಕ್ಕೆ ಬಾರದು.

ಇನ್ನು ನಕ್ಷೆ. ಐದಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಮಣ್ಣಿನ ಭಾಗವು 7½ ಘನ ಅಡಿಯಾಗುತ್ತದೆ; ಒಣಗಿದ ಮೇಲೂ ಅದರ ತೂಕ 350 ಕಿಲೋಗ್ರಾಂಗೆ ಮಿಗಿಲು. ಆದುದರಿಂದ ಮರದ ಬೇರುಗಳಿಂದ ದೂರದಲ್ಲಿ, ನೀರು ನಿಲ್ಲದ ಎತ್ತರದ ಜಾಗವನ್ನು ಆರಿಸಿ, ಒಂದಡಿ ಆಳದ ಪಾಯ ತೋಡಬೇಕು. ಅದಕ್ಕೆ ಕಲ್ಲು ತುಂಬಿ, ನೆಲದಿಂದ ಅರ್ಧ ಅಡಿ ಮೇಲಕ್ಕೆ ತರಬೇಕು. ಕಿರಿದಾದ ಸಂದುಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ಕಲ್ಲುಗಳ ನಡುವಣ ದೊಡ್ಡ ಸಂದುಗಳಲ್ಲಿ ಏರಲಾರದು. ನಮ್ಮ ಮೊದಲ ಕಟ್ಟೆಗೆ ಇಲ್ಲದಿದ್ದುದು ಈ ಕಲ್ಲಿನ ಪಾದವೇ.

ಸಂಕ್ರಾಂತಿಯ ಅನಂತರದ ಬಿಸಿಲುಗಾಲ ಇದಕ್ಕೆ ತಕ್ಕ ಕಾಲ. ಮಣ್ಣಿಗೆ ತುಂಡರಿಸಿದ ಹುಲ್ಲನ್ನು ಸೇರಿಸಿ, ರಾಗಿಮುದ್ದೆಯ ಹದಕ್ಕೆ ಬರುವವರೆಗೆ ತುಳಿದು, ಅರ್ಧರ್ಧ ಅಡಿಯ ಎರಡು ವರಸೆಗಳಲ್ಲಿ ಏರಿಸಬೇಕು. ಮೊದಲ ವರಸೆ ಗಟ್ಟಿಯಾದ ಮೇಲೆಯೇ ಎರಡನೆಯದು. ಪೂರ್ತಿ ಒಣಗಿದ ಬಳಿಕ, ಎಲ್ಲ ಕಡೆಯೂ ಎರಡಂಗುಲ ಹೊರಚಾಚುವ ಕಡಪ ಕಲ್ಲಿನ ಚಪ್ಪಡಿಯನ್ನು ತುಸು ಇಳಿಜಾರಾಗಿ ಹೊದಿಸಿದರೆ ಮಳೆಯ ನೀರು ಗೋಡೆಗೆ ತಾಗದೆ ದೂರ ಬೀಳುತ್ತದೆ.

ಮಣ್ಣು ಹಳೆಯ ಕಾಲದ ಸಾಮಗ್ರಿಯೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಕೇಂದ್ರವು, ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ ಯಂತ್ರದಿಂದ ಒತ್ತಿದ ಗಟ್ಟಿಗಳಿಂದ ಮನೆ ಕಟ್ಟುವ ವಿಧಾನವನ್ನು ಬೆಳೆಸಿತು.

ನಮ್ಮ ಎರಡನೆಯ ಕಟ್ಟೆ ಈಗಾಗಲೇ ಎರಡು ಮಳೆಗಾಲಗಳನ್ನು ಕಂಡಿದೆ. ಅದರ ಮೇಲೆ ಕುಳಿತೇ ಈ ಲೇಖನವನ್ನು ಬರೆದಿದ್ದೇವೆ. ನೀವೂ ನಿಮ್ಮ ಹಿತ್ತಲಿನ ಒಂದು ಹಿಡಿ ಮಣ್ಣನ್ನು ಇಂದೇ ಜಾಡಿಗೆ ಹಾಕಿ ನೋಡಿ.