ಮನೆಯಲ್ಲಿ ಕಟ್ಟಿದ ಕಂಪ್ಯೂಟರಿಗೆ ಯಾವ ಲೈಸೆನ್ಸು?

ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಾಗಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಾರರು. ಅಂಚೆ ಕಚೇರಿಗೆ ಹೋಗಿ ವರ್ಷದ ಶುಲ್ಕ ಕಟ್ಟಿ, ಲೈಸೆನ್ಸನ್ನು ನವೀಕರಿಸಿಕೊಂಡು ಬರಬೇಕಾಗಿತ್ತು. ಅಂಗಡಿಯಿಂದ ತಂದ ಸೆಟ್ಟಿಗೂ ಅದೇ ನಿಯಮ, ಬಿಡಿಭಾಗಗಳನ್ನು ಬೆಸೆದು ಮನೆಯಲ್ಲೇ ಕಟ್ಟಿದ ಸೆಟ್ಟಿಗೂ ಅದೇ ನಿಯಮ. ೧೯೮೦ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಈಗ ಲೈಸೆನ್ಸಿನ ಮಾತು ಮತ್ತೊಂದು ಯಂತ್ರದ ಬೆನ್ನು ಹತ್ತಿ ಮನೆಯೊಳಕ್ಕೆ ಬಂದಿದೆ.

ಲಕ್ಷ್ಮೀಪುರಂನಂಥ ಬಡಾವಣೆಯಲ್ಲಿ, ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇರುವ ಮನೆಗಳಲ್ಲಿ, ಕಂಪ್ಯೂಟರನ್ನು ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸಿಕೊಳ್ಳುವುದು ಅಪರೂಪವಲ್ಲ. ಈ ಬಗೆಯ ಹುಮ್ಮಸ್ಸು ಮೈಸೂರಿಗೆ ಹೊಸದೂ ಅಲ್ಲ. ೧೯೩೫ರಲ್ಲಿ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಹೂಡಿದ ಊರು ಇದು. ಆದರೆ ಜೋಡಿಸಿದ ಕಂಪ್ಯೂಟರು ಬರಿಯ ಪೆಟ್ಟಿಗೆ. ಕೀಲಿಮಣೆ, ಪರದೆ, ಕಡತಗಳನ್ನೆಲ್ಲ ಹತೋಟಿಯಲ್ಲಿಟ್ಟು ನಡೆಸುವ ಆಪರೇಟಿಂಗ್ ಸಿಸ್ಟಂ ಅದರಲ್ಲಿ ಇರುವುದಿಲ್ಲ. ವಿಂಡೋಸ್ ಸಹಿತವಾಗಿ ಬರುವ ಲ್ಯಾಪ್‌ಟಾಪಿನ ಬೆಲೆಯಲ್ಲಿ ಅದರ ಲೈಸೆನ್ಸೂ ಸೇರಿರುತ್ತದೆ. ಇಲ್ಲಿ ನೀವೇ ಆರಿಸಬೇಕು.

ಆರಿಸುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಲೈಸೆನ್ಸು ಯಾವುದಕ್ಕೆ ಅಂಟಿಕೊಂಡಿದೆ, ಯಂತ್ರಕ್ಕೋ, ನಿಮಗೋ?

ವಿಂಡೋಸನ್ನೇ ತೆಗೆದುಕೊಳ್ಳಿ. ಓ.ಇ.ಎಂ. ಎಂಬ ಬಗೆಯ ಲೈಸೆನ್ಸು ಕಂಪ್ಯೂಟರು ಕಟ್ಟಿ ಮಾರುವವರಿಗಾಗಿ ಮಾಡಿದ್ದು. ಅದು ಮೊದಲು ಹಾಕಿದ ಯಂತ್ರಕ್ಕೇ, ಎಂದರೆ ಅದರ ಮದರ್‌ಬೋರ್ಡಿಗೇ ಕಟ್ಟುಬೀಳುತ್ತದೆ. ಮೆಮೊರಿಯನ್ನೋ ಡಿಸ್ಕನ್ನೋ ಬದಲಾಯಿಸಿದರೆ ಬಾಧಕವಿಲ್ಲ. ಮೂರು ವರ್ಷದ ಮೇಲೆ ಹೊಸ ಮದರ್‌ಬೋರ್ಡು ತಂದಿರೋ, ಹಳೆಯ ಲೈಸೆನ್ಸು ಹಳೆಯ ಬೋರ್ಡಿನೊಡನೆ ಹೋಯಿತು. ರೀಟೇಲ್ ಲೈಸೆನ್ಸು ಹಾಗಲ್ಲ. ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು, ಒಮ್ಮೆಗೆ ಒಂದೇ ಯಂತ್ರ ಎಂಬುದು ಕಟ್ಟಳೆ. ಇದರ ಬೆಲೆ ಹತ್ತು ಸಾವಿರ ರೂಪಾಯಿ ದಾಟಬಹುದು. ಮನೆಯಲ್ಲಿ ಕಂಪ್ಯೂಟರು ಕಟ್ಟುವವರು ಸುಮ್ಮನಿರುವ ಜಾತಿಯಲ್ಲ; ಇಂದು ಒಂದು ಭಾಗ, ನಾಳೆ ಇನ್ನೊಂದು ಎಂದು ಬದಲಿಸುತ್ತಲೇ ಇರುತ್ತಾರೆ. ಅಂಥವರು ವಿಂಡೋಸನ್ನೇ ಕೊಳ್ಳುವುದಾದರೆ ರೀಟೇಲೇ ಲೇಸೆಂದು ನನ್ನ ಎಣಿಕೆ. ಮನೆಬಳಕೆಗೆ ಹೋಂ ಆವೃತ್ತಿ ಸಾಕು. ಬೇರೆ ಊರಿನಿಂದ ಈ ಯಂತ್ರವನ್ನು ರಿಮೋಟ್ ಡೆಸ್ಕ್‌ಟಾಪಿನ ಮೂಲಕ ನಡೆಸುವಂಥ ಅಗತ್ಯವಿಲ್ಲದವರು ಪ್ರೊ ಆವೃತ್ತಿಗೆ ಹೆಚ್ಚು ಹಣ ತೆರಬೇಕಾಗಿಲ್ಲ.

ಇನ್ನು ಕೆಲವು ನೂರು ರೂಪಾಯಿಗೆ ಸಿಕ್ಕುವ ‘ಕೀ’ಗಳ ವಿಚಾರ. ೨೫ ಅಕ್ಷರ, ಅಂಕಿಗಳ ಈ ಸರಣಿಯನ್ನು ಅಂತರಜಾಲದ ಅಂಗಡಿಗಳಲ್ಲಿ ಧಾರಾಳವಾಗಿ ಮಾರುತ್ತಾರೆ. ಇವುಗಳಲ್ಲಿ ಎಷ್ಟೋ ಯಾವುದೋ ಸಂಸ್ಥೆಗೆಂದು ಸಗಟಾಗಿ ಕೊಟ್ಟ ಲೈಸೆನ್ಸಿನವು. ಹಾಕಿದ ದಿನ ಯಂತ್ರ ಒಪ್ಪಿಕೊಳ್ಳುತ್ತದೆ, ಆಮೇಲೆ ಒಂದು ದಿನ ಕಂಪೆನಿ ಅದನ್ನು ತಡೆಹಿಡಿಯುತ್ತದೆ. ಯಂತ್ರ ಒಪ್ಪಿತೆಂದ ಮಾತ್ರಕ್ಕೆ ಲೈಸೆನ್ಸು ನಿಮ್ಮದಾಯಿತೆಂದಲ್ಲ. ಬೀಗ ಮುರಿದ ನಕಲು ಪ್ರತಿಗಳಂತೂ ಇನ್ನೂ ಅಪಾಯದವು: ಮುರಿದವನು ಜೊತೆಗೆ ಏನು ಸೇರಿಸಿದ್ದಾನೋ ಬಲ್ಲವರಾರು? ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ವ್ಯವಹಾರ ಮಾಡುತ್ತೀರಿ, ಪಿಂಚಣಿಯ ಲೆಕ್ಕ ನೋಡುತ್ತೀರಿ. ಕಾನೂನಿನ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ! ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೬೩-ಬಿ ಕಲಮಿನ ಪ್ರಕಾರ, ನಕಲಿಯೆಂದು ತಿಳಿದೂ ಬಳಸಿದವರಿಗೆ ೭ ದಿನದಿಂದ ೩ ವರ್ಷದವರೆಗೆ ಸೆರೆ, ೫೦,೦೦೦ದಿಂದ ೨ ಲಕ್ಷ ರೂಪಾಯಿಯವರೆಗೆ ದಂಡ. ವ್ಯಾಪಾರಕ್ಕಲ್ಲದ ಬಳಕೆಯಾದರೆ ನ್ಯಾಯಾಲಯ ಸೆರೆಯನ್ನು ಬಿಟ್ಟು, ೫೦,೦೦೦ ಮೀರದ ದಂಡವನ್ನು ಮಾತ್ರ ವಿಧಿಸಬಹುದು.

ಹಳೆಯ ಭಾಗಗಳಿಂದ ಕಟ್ಟುವವರಿಗೆ ಒಂದು ಮಾತು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಟಿ.ಪಿ.ಎಂ. ೨.೦ ಎಂಬ ರಕ್ಷಣಾ ಸೌಕರ್ಯವನ್ನು ಕೇಳುತ್ತದೆ. ಪ್ರೊಸೆಸರೂ ಕಂಪೆನಿಯ ಪಟ್ಟಿಯಲ್ಲಿರಬೇಕು. ಲೈಸೆನ್ಸಿಗೆ ಹಣ ಕೊಡುವ ಮುನ್ನ ಇದನ್ನು ನೋಡಿಕೊಳ್ಳಿ.

ಹಣವನ್ನೇ ಕೇಳದ ಲೈಸೆನ್ಸೂ ಉಂಟು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಜಿ.ಪಿ.ಎಲ್. ಎಂಬ ಒಪ್ಪಂದದ ಕೆಳಗೆ ಬರುತ್ತದೆ. ಎಷ್ಟು ಯಂತ್ರಕ್ಕಾದರೂ ಹಾಕಿ, ನೆರೆಯವರಿಗೂ ಕೊಡಿ, ತಿದ್ದಿ. ತಿದ್ದಿದ್ದನ್ನು ಇತರರಿಗೆ ಹಂಚುವುದಾದರೆ ಅದರ ಮೂಲವನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಲಿನಕ್ಸಿನಿಂದ ಕಟ್ಟಿದ ಉಬುಂಟು, ಡೆಬಿಯನ್ ಮೊದಲಾದ ವ್ಯವಸ್ಥೆಗಳನ್ನು ಅಂತರಜಾಲದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಇದು ಬರಿಯ ಹವ್ಯಾಸಿಗಳ ಆಟವೆಂದುಕೊಳ್ಳಬೇಡಿ. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರು ಕಲಿಯುವುದು ಇಂಥದರ ಮೇಲೆಯೇ. ಕನ್ನಡಕ್ಕೂ ಅಡ್ಡಿಯಿಲ್ಲ: ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಆಗಲೇ ಇದೆ, ಆರಿಸಿಕೊಂಡರಾಯಿತು.

ಆದರೂ ಎಲ್ಲರಿಗೂ ಇದೇ ಎನ್ನಲಾರೆ. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು, ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ವರ್ಷಗಟ್ಟಲೆ ಬೆರಳಚ್ಚು ಮಾಡಿದ ಕಡತಗಳಿರುವವರು ಆತುರಪಡಬಾರದು. ತಾತನವರ ಲೇಖನಗಳು ಹೊಸ ಯಂತ್ರದಲ್ಲಿ ಓದಲಾಗದ ಗೀಚುಗಳಾಗಿ ಕಂಡರೆ ಉಳಿಸಿದ ಹಣದಿಂದ ಏನು ಸುಖ? ಅಂಥ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡು, ಓದಿ ನೋಡಿ, ಆಮೇಲೆ ನಿರ್ಧರಿಸಿ.

ಯಂತ್ರ ಜೋಡಿಸಿದೊಡನೆ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕಿಗೆ ಏನೂ ಬರೆಯದೆ ಅದರಿಂದಲೇ ಯಂತ್ರವನ್ನು ನಡೆಸಿ ನೋಡಬಹುದು. ಭಾಗಗಳೆಲ್ಲ ಸರಿಯಾಗಿವೆಯೇ ಎಂಬುದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಒಂದು ವಾರ ಮನೆಯವರೆಲ್ಲ ಬಳಸಲಿ. ಸಾಲದೆನ್ನಿಸಿದರೆ ವಿಂಡೋಸ್ ಕೊಳ್ಳಿ, ಬಿಲ್ಲಿನಲ್ಲಿ ರೀಟೇಲ್ ಎಂದೋ ಓ.ಇ.ಎಂ. ಎಂದೋ ಬರೆಸಿಕೊಂಡು, ಕೀ ಇರುವ ಕಾಗದದ ಜೊತೆಗೆ ಮನೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿಡಿ.