ಪ್ರಳಯದ ದಿನವನ್ನು ಯಾವ ಧರ್ಮವೂ ಹೇಳಿಲ್ಲ



ಹುಟ್ಟಿದ್ದು ಸಾಯುವುದು, ಕಟ್ಟಿದ್ದು ಕೆಡುವುದು. ಇದು ಸೃಷ್ಟಿಯ ನಿಯಮ. ಹಾಗಾದರೆ ಈ ಜಗತ್ತೂ ಒಂದು ದಿನ ಇಲ್ಲವಾಗುವುದೇ? ಆಗುವುದಾದರೆ ಎಂದು? ಈ ಪ್ರಶ್ನೆಯು ಜ್ಞಾನಿಯನ್ನೂ ಕಾಡಿದೆ, ಪಾಮರನನ್ನೂ ಕಾಡಿದೆ. ಜ್ಞಾನಿಯು ಅದರಿಂದ ವಿವೇಕವನ್ನು ಪಡೆದನು. ಪಾಮರನು ಭಯವನ್ನು ಪಡೆದನು.

ಹಿರಿಯರಿಗೆ ನೆನಪಿರಬಹುದು. 1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹಗಳು ಕೂಡಿದಾಗ ಜಗತ್ತೇ ಮುಳುಗುವುದೆಂಬ ಸುದ್ದಿ ಹಬ್ಬಿ, ದೇಶದ ತುಂಬ ಹೋಮ ಹವನಗಳು ನಡೆದವು. 1979ರಲ್ಲಿ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುವುದೆಂದು ಜನ ನಡುಗಿದರು. ಜುಲೈ 11ರಂದು ಅದರ ಚೂರುಗಳು ಹಿಂದೂ ಮಹಾಸಾಗರದಲ್ಲಿಯೂ ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿಯೂ ಬಿದ್ದವು. 2012ರ ಡಿಸೆಂಬರ್ 21ಕ್ಕೆ ಎಲ್ಲವೂ ಮುಗಿಯಿತೆಂದು ಮಾಯಾ ಜನಾಂಗದ ಪಂಚಾಂಗವನ್ನು ತೋರಿಸಿ ಹೇಳಿದರು. ಮರುದಿನವೂ ಸೂರ್ಯನು ಎಂದಿನಂತೆ ಮೂಡಿದನು. ಈಗ ಅಂಥ ಸುದ್ದಿಗಳು ಮೊಬೈಲಿನಲ್ಲಿ ಬರುತ್ತಿವೆ.

ಧರ್ಮಗಳು ಈ ವಿಷಯದಲ್ಲಿ ನಿಜವಾಗಿ ಏನು ಹೇಳುತ್ತವೆ? ಅದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಮಹಮೂದ ಗವಾನನ ಮದರಸಾ, ಗುರುನಾನಕ ಝೀರಾ, ಝರಣಿ ನರಸಿಂಹನ ಗುಹೆ, ಚರ್ಚು, ಬೌದ್ಧ ವಿಹಾರ ಇವೆಲ್ಲವೂ ಬೀದರದಲ್ಲಿಯೇ ಇವೆ.

ಪುರಾಣಗಳ ಪ್ರಕಾರ ಕಲಿಯುಗದ ಪ್ರಮಾಣ 4,32,000 ವರ್ಷ. ಕಳೆದಿರುವುದು 5 ಸಾವಿರಕ್ಕಿಂತ ತುಸು ಹೆಚ್ಚು. ಉಳಿದಿರುವುದು 4 ಲಕ್ಷ 26 ಸಾವಿರಕ್ಕೂ ಹೆಚ್ಚು. ಜೈನರಿಗೆ ಜಗತ್ತು ಅನಾದಿ, ಅನಂತ. ಕಾಲಚಕ್ರವು ಏರುತ್ತದೆ, ಇಳಿಯುತ್ತದೆ. ಈಗ ನಡೆದಿರುವ ಪಂಚಮಕಾಲವೇ 21 ಸಾವಿರ ವರ್ಷಗಳದು. ಏಳು ಸೂರ್ಯರು ಉದಯಿಸಿ ಮೇರುಪರ್ವತ ಸಹಿತ ಭೂಮಿಯು ಉರಿದುಹೋಗುವ ಕಾಲವನ್ನು ಬುದ್ಧನು ವರ್ಣಿಸಿದ್ದು ಹೆದರಿಸಲಿಕ್ಕಲ್ಲ, ಎಲ್ಲವೂ ಅನಿತ್ಯವೆಂದು ತಿಳಿಸಲಿಕ್ಕೆ. ಆ ದಿನವನ್ನೂ ಗಳಿಗೆಯನ್ನೂ ಪರಲೋಕದ ತಂದೆಯ ಹೊರತು ಯಾರೂ ಅರಿಯರೆಂದು ಏಸುವು ಶಿಷ್ಯರಿಗೆ ತಿಳಿಸಿದನು. ಸೃಷ್ಟಿಯ ಕಾಲವನ್ನು ಕರ್ತನೊಬ್ಬನೇ ಬಲ್ಲನೆಂಬುದು ಗುರುನಾನಕರ ಬೋಧೆ. ಕಯಾಮತ್ತಿನ ಗಳಿಗೆಯ ಜ್ಞಾನವು ಅಲ್ಲಾಹನಲ್ಲಿ ಮಾತ್ರ ಇದೆಯೆಂದು ಕುರಾನು ಸಾರುತ್ತದೆ. ಕೈಯಲ್ಲಿ ಸಸಿಯಿದ್ದಾಗ ಆ ಗಳಿಗೆ ಬಂದರೂ ಸಸಿಯನ್ನು ನೆಟ್ಟುಬಿಡಬೇಕೆಂದು ಪ್ರವಾದಿಗಳು ಹೇಳಿದರೆಂಬ ಪರಂಪರೆಯೂ ಅವರಲ್ಲುಂಟು. ಎಂಥ ಮಾತು!

ವೀರಶೈವರ ಭಾವನೆಯೂ ಇದಕ್ಕೆ ದೂರವಲ್ಲ. ಯಾವುದರಲ್ಲಿ ಜಗತ್ತು ಲಯವಾಗುವುದೋ, ಯಾವುದರಿಂದ ಮತ್ತೆ ಹೊರಹೊಮ್ಮುವುದೋ ಅದೇ ಲಿಂಗವೆಂದು ಆಚಾರ್ಯರು ಅರ್ಥ ಹೇಳಿದ್ದಾರೆ. ಲಯವೆಂದರೆ ಹಾಳಾಗುವುದಲ್ಲ, ಬಂದಲ್ಲಿಗೆ ಮರಳುವುದು. ಆ ಲಿಂಗವನ್ನು ಎದೆಯ ಮೇಲೆ ಧರಿಸಿದವನು ಲಯಕ್ಕೆ ಅಂಜುವುದೆಂತು?

ಆದರೂ ನಮ್ಮ ಭಾಗದ ಜನರು ಪ್ರಳಯವನ್ನೇ ಕಂಡಂತಾದ ಒಂದು ರಾತ್ರಿಯುಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಬೀದರ ಜಿಲ್ಲೆಗೆ ಮಗ್ಗುಲಾದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಹಿಂದಿನ ದಿನ ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದವರು ಏಳಲೇ ಇಲ್ಲ. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 10 ಸಾವಿರ ಜನ ತೀರಿಕೊಂಡರು. ಪಾಪ ಹೆಚ್ಚಾಯಿತು, ಅದಕ್ಕೇ ಹೀಗಾಯಿತು ಎನ್ನುವ ಮಾತು ಇಂಥ ಹೊತ್ತಿನಲ್ಲಿ ಸುಲಭವಾಗಿ ಹುಟ್ಟುತ್ತದೆ. ಸತ್ತವರಲ್ಲಿ ತೊಟ್ಟಿಲ ಕೂಸುಗಳೂ ಇದ್ದವು. ಅವು ಮಾಡಿದ ಪಾಪವೇನು? ಹಾಗೆನ್ನುವುದು ಶಿವನ ಮೇಲೆಯೇ ಅಪವಾದ ಹೊರಿಸಿದಂತೆ. ಜನರನ್ನು ಕೊಂದದ್ದು ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರವಾದ ಮಾಳಿಗೆ. ಕೆಡವಿದ್ದು ಭೂಮಿ, ಮತ್ತೆ ಕಟ್ಟಿದ್ದು ಮನುಷ್ಯರ ಕೈ. ಎಲ್ಲ ಜಾತಿಮತದವರೂ ಅನ್ನ, ಅರಿವೆ ಹೊತ್ತು ಓಡಿದರು. ಹಾಳಾದ ಊರುಗಳು ಹೊಸ ಜಾಗದಲ್ಲಿ ಮತ್ತೆ ಎದ್ದು ನಿಂತವು. ದಿನ ಹೇಳುವ ಯಾವ ಭವಿಷ್ಯಗಾರನೂ ಅವರನ್ನು ಕಾಯಲಿಲ್ಲ, ಕಾದದ್ದು ದಾಸೋಹ.

ಆದುದರಿಂದ ಭಕ್ತರೇ, ಪ್ರಳಯಕ್ಕೆ ಮುಹೂರ್ತ ಇಟ್ಟು, ಶಾಂತಿ ಮಾಡಿಸಿರೆಂದು ದಕ್ಷಿಣೆ ಕೇಳುವವನು ಬಾಗಿಲಿಗೆ ಬಂದರೆ ಒಂದೇ ಮಾತು ಕೇಳಿರಿ: ನಾಳೆ ಜಗತ್ತೇ ಇರದಿದ್ದರೆ ಈ ಹಣ ನಿನಗೆ ಯಾತಕ್ಕಪ್ಪಾ? ಹೆದರಿ ಹೊಲ ಮಾರಬೇಡಿರಿ, ಮಕ್ಕಳ ಓದು ನಿಲ್ಲಿಸಬೇಡಿರಿ, ಕೊಟ್ಟ ಸಾಲವನ್ನೂ ಕೊಂಡ ಸಾಲವನ್ನೂ ಮರೆಯಬೇಡಿರಿ. ಮನೆ ಕಟ್ಟುವಾಗ ಗಟ್ಟಿಯಾಗಿ ಕಟ್ಟಿರಿ. ಮೃಗಶಿರಾ ಮಳೆ ಬಂದಾಗ ತೊಗರಿ, ಉದ್ದು, ಹೆಸರು ಬಿತ್ತಿರಿ. ಜಗತ್ತಿನ ಕೊನೆಯನ್ನು ಶಿವನು ನೋಡಿಕೊಳ್ಳುವನು. ಇಂದಿನ ಕಾಯಕವನ್ನು ಮಾತ್ರ ನಮಗೆ ಒಪ್ಪಿಸಿದ್ದಾನೆ.

ಸರ್ವರಿಗೂ ಸನ್ಮಂಗಳವಾಗಲಿ.