ಬಿಡಿಭಾಗಗಳಿಂದ ಮೂಡಿದ ಉದ್ದ ಕೋವಿ

ನಳಿಗೆಯ ಬಾಯಿಯಿಂದಲೇ ಮದ್ದು ಮತ್ತು ಗುಂಡನ್ನು ತುಂಬಿ ಸಿಡಿಸುವ ಕೋವಿಯು ಸೈನ್ಯಗಳ ಕೈಬಿಟ್ಟು ಹೆಚ್ಚುಕಡಿಮೆ ಒಂದೂವರೆ ಶತಮಾನವಾಗಿದ್ದರೂ, ಅದನ್ನು ಬಿಡಿಭಾಗಗಳ ಪೆಟ್ಟಿಗೆಯಿಂದ ಮನೆಯಲ್ಲೇ ಜೋಡಿಸಿ, ಮರಕ್ಕೆ ಬಣ್ಣ ಹಿಡಿಸಿ, ಉಕ್ಕಿಗೆ ಕಂದು ಮೆರುಗು ಕೊಡುವ ಹವ್ಯಾಸ ಅಮೆರಿಕದಲ್ಲಿ ಇಂದಿಗೂ ನಡೆದುಬಂದಿದೆ. ‘ಕಿಟ್’ ಎಂದು ಕರೆಯಲಾಗುವ ಈ ಪೆಟ್ಟಿಗೆಯನ್ನು ಇಪ್ಪತ್ತನೆಯ ಶತಮಾನದ ವ್ಯಾಪಾರಿಗಳು ಕಂಡುಕೊಂಡ ಅಡ್ಡದಾರಿಯೆಂದು ಬಗೆಯುವವರಿದ್ದಾರೆ. ಆದರೆ ಈ ಕೋವಿಯ ಚರಿತ್ರೆಯನ್ನು ಪರಿಶೀಲಿಸಿದರೆ, ಬೇರೆಯವರು ಮಾಡಿದ ಭಾಗಗಳನ್ನು ಕೊಂಡು ತನ್ನ ಕೈಯಿಂದ ರೂಪ ಕೊಡುವುದು ಮೊದಲಿನಿಂದಲೂ ಆ ಕಸುಬಿನ ರೂಢಿಯೇ ಆಗಿತ್ತೆಂಬುದು ತಿಳಿಯುತ್ತದೆ.

ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮತ್ತು ಸ್ವಿಸ್ ವಲಸಿಗರು ತಮ್ಮೊಡನೆ ‘ಯೇಗರ್’ ಎಂಬ ಬೇಟೆಗಾರರ ರೈಫಲ್‌ನ ಪರಿಚಯವನ್ನು ತಂದರು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿದ್ದು, ಅವುಗಳಿಂದಾಗಿ ಗುಂಡು ತನ್ನ ಅಕ್ಷದ ಸುತ್ತ ತಿರುಗುತ್ತ ನೇರವಾಗಿ ಸಾಗುವಂಥ ಕೋವಿಗೆ ರೈಫಲ್ ಎಂದು ಹೆಸರು. ಗಿಡ್ಡ ನಳಿಗೆ ಮತ್ತು ಅಗಲ ಬಾಯಿಯ ಯೇಗರ್, ಅಮೆರಿಕದ ಕಾಡಂಚಿನಲ್ಲಿ ಕ್ರಮೇಣ 42 ಅಂಗುಲ ಅಥವಾ ಅದಕ್ಕೂ ಉದ್ದದ, ಕಿರಿದಾದ ಬಾಯಿಯ ಕೋವಿಯಾಗಿ ಮಾರ್ಪಟ್ಟಿತು. ಒಂದು ಪೌಂಡ್ ಸೀಸದಿಂದ 0.60 ಅಂಗುಲ ವ್ಯಾಸದ ಗುಂಡುಗಳು ಸುಮಾರು 21 ಸಿಕ್ಕರೆ, 0.45 ಅಂಗುಲದವು ಸುಮಾರು 50 ಸಿಗುತ್ತಿದ್ದುದರಿಂದ, ಊರಿನಿಂದ ದೂರವಾಗಿ ತಿಂಗಳುಗಟ್ಟಲೆ ಕಾಡಿನಲ್ಲಿರುತ್ತಿದ್ದ ಬೇಟೆಗಾರನಿಗೆ ಈ ಬದಲಾವಣೆ ದೊಡ್ಡ ಉಳಿತಾಯವಾಗಿತ್ತು. ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಗುಂಡನ್ನಿಟ್ಟು ಒಳಕ್ಕೆ ತಳ್ಳುತ್ತಿದ್ದುದರಿಂದ ಅದು ಗೀರುಗಳನ್ನು ಬಿಗಿಯಾಗಿ ಕಚ್ಚಿ ಕೂರುತ್ತಿತ್ತು. 1815ರ ನ್ಯೂ ಓರ್ಲಿಯನ್ಸ್ ಕದನವನ್ನು ಕುರಿತ ಒಂದು ಜನಪ್ರಿಯ ಹಾಡಿನಿಂದ ಈ ಕೋವಿಗೆ ‘ಕೆಂಟಕಿ ರೈಫಲ್’ ಎಂಬ ಹೆಸರು ಹಬ್ಬಿತಾದರೂ ಅದರ ತವರು ಪೆನ್ಸಿಲ್ವೇನಿಯಾವೇ.

ಈ ಕೋವಿಯನ್ನು ಮಾಡುತ್ತಿದ್ದ ಕುಶಲಕರ್ಮಿಯು ಅದರ ಪ್ರತಿಯೊಂದು ಭಾಗವನ್ನೂ ತಾನೇ ಬಡಿದು ರೂಪಿಸುತ್ತಿದ್ದನೆಂಬ ಕಲ್ಪನೆ ಬಹುಮಟ್ಟಿಗೆ ತಪ್ಪು. ಚಕಮಕಿ ಕಲ್ಲನ್ನು ಕಚ್ಚಿಕೊಂಡ ಕುದುರೆ, ಅದು ಬಡಿದಾಗ ಕಿಡಿ ಉದುರಿಸುವ ಉಕ್ಕಿನ ಫಲಕ, ಕಿಡಿ ಬೀಳುವ ಮದ್ದಿನ ಬಟ್ಟಲು, ಒಳಗಿನ ಸ್ಪ್ರಿಂಗ್ ಇವೆಲ್ಲ ಸೇರಿದ ‘ಲಾಕ್’ ಎಂಬ ಯಂತ್ರಾಂಗವನ್ನು ಮಾಡುವುದು ಅತ್ಯಂತ ಶ್ರಮದ ಕೆಲಸವಾಗಿದ್ದುದರಿಂದ, ಅದನ್ನು ಯುರೋಪಿನಿಂದ ಆಮದು ಮಾಡಿಕೊಳ್ಳುವುದು ಸಾಮಾನ್ಯವಾಗಿತ್ತು. ಬರ್ಮಿಂಗ್‌ಹ್ಯಾಮಿನ ಕೆಟ್‌ಲ್ಯಾಂಡ್ ಹೆಸರು ಕೆತ್ತಿದ ಲಾಕುಗಳು ಅಮೆರಿಕದ ಎಷ್ಟೋ ಹಳೆಯ ಕೋವಿಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಳಿಗೆಯೂ ಮಾರುಕಟ್ಟೆಯ ಸರಕಾಯಿತು: ನ್ಯೂಯಾರ್ಕ್ ಪ್ರಾಂತದ ಎಲಿಫಲೆಟ್ ರೆಮಿಂಗ್ಟನ್ 1816ರಲ್ಲಿ ಆರಂಭಿಸಿದ ಉದ್ಯಮವು ಬೆಳೆದದ್ದು ಇತರ ಕಸುಬುದಾರರಿಗೆ ನಳಿಗೆಗಳನ್ನು ಒದಗಿಸುತ್ತಲೇ. ಹೀಗೆ ಹಲವು ಕೈಗಳಿಂದ ಬಂದ ಲೋಹದ ಭಾಗಗಳಿಗೆ ಮರದ ಹಿಡಿಯನ್ನು ಕೆತ್ತಿ, ಒಂದಕ್ಕೊಂದು ಹೊಂದಿಸಿ, ಅಲಂಕರಿಸಿದಾಗಲೇ ಕೋವಿಗೆ ಅದರ ಊರಿನ ಮುಖಲಕ್ಷಣ ಬರುತ್ತಿತ್ತು.

ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪಡೆದ ಪೇಟೆಂಟು, ಬಡಿತಕ್ಕೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಚಕಮಕಿಯ ಬದಲಿಗೆ ತಂದು, ಮುಂದೆ ಮಲೆನಾಡಿಗರು ‘ಕೇಪು’ ಎಂದು ಕರೆಯುವ ಪುಟ್ಟ ತಾಮ್ರದ ಟೋಪಿಗೆ ದಾರಿಮಾಡಿತು. ಅಮೆರಿಕದ ಅಂತರ್ಯುದ್ಧದ ಬಳಿಕ ತೋಟಾ ಕೋವಿಗಳು ಹರಡಿದಾಗ ಎರಡೂ ಬಗೆಯವು ಮೂಲೆಗುಂಪಾದವು. 1924ರಲ್ಲಿ ಪ್ರಕಟವಾದ ಜಾನ್ ಡಿಲ್ಲಿನ್ ಅವರ ‘ದಿ ಕೆಂಟಕಿ ರೈಫಲ್’ ಗ್ರಂಥ ಮತ್ತು 1933ರಲ್ಲಿ ಹುಟ್ಟಿದ ರಾಷ್ಟ್ರೀಯ ಮಜಲ್ ಲೋಡಿಂಗ್ ರೈಫಲ್ ಸಂಘ ಹಳೆಯ ಆಸಕ್ತಿಯನ್ನು ಮರಳಿ ಕೆರಳಿಸಿದವು. 1954ರಲ್ಲಿ ಟೆನೆಸಿಯ ಯೂನಿಯನ್ ಸಿಟಿಯಲ್ಲಿ ಟರ್ನರ್ ಕರ್ಕ್‌ಲೆಂಡ್ ಸ್ಥಾಪಿಸಿದ ಡಿಕ್ಸಿ ಗನ್ ವರ್ಕ್ಸ್ ಬಿಡಿಭಾಗಗಳನ್ನು ಅಂಚೆಯ ಮೂಲಕ ಮನೆಮನೆಗೆ ತಲುಪಿಸಿತು. 1968ರ ಬಂದೂಕು ನಿಯಂತ್ರಣ ಕಾಯಿದೆಯು ಚಕಮಕಿ ಮತ್ತು ಕೇಪಿನ ಕೋವಿಗಳ ಪ್ರತಿಕೃತಿಗಳನ್ನು ‘ಪುರಾತನ’ ವರ್ಗದಲ್ಲಿಟ್ಟು ಒಕ್ಕೂಟ ಸರ್ಕಾರದ ಬಹುಪಾಲು ನಿರ್ಬಂಧಗಳಿಂದ ಹೊರಗಿರಿಸಿತು. 1970ರಲ್ಲಿ ಥಾಂಪ್ಸನ್ ಸೆಂಟರ್ ಕಂಪನಿ ಹೊರತಂದ ‘ಹಾಕೆನ್’ ಮಾದರಿ ಕಿಟ್ ರೂಪದಲ್ಲಿಯೂ ಮಾರಾಟವಾಯಿತು. 1974ರಲ್ಲಿ ಪೆನ್ಸಿಲ್ವೇನಿಯಾ ಚಕಮಕಿ ಕೋವಿಗಳಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಋತುವನ್ನು ಗೊತ್ತುಪಡಿಸಿತು. ಅದೇ ಕಾಲದಲ್ಲಿ, ಕಬ್ಬಿಣದ ಪಟ್ಟಿಯಿಂದ ಹಿಡಿದು ಇಡೀ ಕೋವಿಯನ್ನು ಕೈಯಿಂದಲೇ ಮಾಡಿ ತೋರಿಸಿದ ವಿಲಿಯಮ್ಸ್‌ಬರ್ಗ್‌ನ ವಾಲೇಸ್ ಗಸ್ಲರ್ ಅವರನ್ನು ಕುರಿತ ಸಾಕ್ಷ್ಯಚಿತ್ರವು 1969ರಲ್ಲಿ ತಯಾರಾಗಿ, ಹೊಸ ಹವ್ಯಾಸಿಗಳಿಗೆ ಮೇಲ್ಮಟ್ಟದ ಮಾದರಿಯೊಂದನ್ನು ಒದಗಿಸಿತು.

ಕಿಟ್‌ನಲ್ಲಿ ನಳಿಗೆ, ಲಾಕ್ ಮತ್ತು ಬೆರಳಿನಿಂದ ಎಳೆಯುವ ಬಿಲ್ಲು ಸಿದ್ಧವಾಗಿ ಬಂದರೂ ಮರದ ಹಿಡಿ ಅರೆಕೆತ್ತಿದ ಸ್ಥಿತಿಯಲ್ಲಿರುತ್ತದೆ. ಲೋಹದ ಭಾಗಕ್ಕೆ ಮಸಿ ಬಳಿದು ಮರಕ್ಕೆ ಒತ್ತಿ, ಕಪ್ಪು ಹತ್ತಿದ ಕಡೆಯಲ್ಲಷ್ಟೇ ಉಳಿಯಿಂದ ಕೂದಲೆಳೆಯಷ್ಟು ತೆಗೆಯುತ್ತ, ಭಾಗವು ಸಂದಿಲ್ಲದೆ ಕೂರುವವರೆಗೂ ಇದೇ ಕೆಲಸವನ್ನು ಮರಳಿ ಮರಳಿ ಮಾಡಬೇಕಾಗುತ್ತದೆ. ನಳಿಗೆಯನ್ನು ಮರಕ್ಕೆ ಬಿಗಿಯುವ ಅಡ್ಡಮೊಳೆಗಳು ಹಾಯುವ ಲೋಹದ ಕಿವಿಗಳ ರಂಧ್ರಗಳನ್ನು ತುಸು ಉದ್ದವಾಗಿ ಅರದಿಂದ ಉಜ್ಜುವುದು, ತೇವಕ್ಕೆ ಹಿಗ್ಗಿ ಕುಗ್ಗುವ ಮರ ಸೀಳದಿರಲೆಂಬ ಕಾರಣಕ್ಕಾಗಿ.

ಹುಲಿಪಟ್ಟೆಯಂಥ ಗೆರೆಗಳುಳ್ಳ ಮೇಪಲ್ ಮರವನ್ನು ಹರಿತ ಉಕ್ಕಿನ ಪಟ್ಟಿಯಿಂದ ಹೆರೆದು, ಒದ್ದೆ ಮಾಡಿ ಒಣಗಿಸಿ, ಮೇಲೆದ್ದ ನಾರುಗಳನ್ನು ಮತ್ತೆ ಹೆರೆದು ನಯಗೊಳಿಸಿದ ಮೇಲೆ, ಕಬ್ಬಿಣವನ್ನು ಕರಗಿಸಿದ ನೈಟ್ರಿಕ್ ಆಮ್ಲವನ್ನು ಸವರುವುದು ಹಳೆಯ ವಿಧಾನ. ಒಣಗಿದ ಮರವನ್ನು ಬಿಸಿಗೆ ಹಿಡಿದೊಡನೆ ಬಣ್ಣವು ಹಸಿರುಮಿಶ್ರ ಬೂದಿಯಿಂದ ಕೆಂಗಂದಿಗೆ ತಿರುಗಿ, ಗೆರೆಗಳು ಎದ್ದು ಕಾಣುತ್ತವೆ. ಅನಂತರ ಅಗಸೆ ಎಣ್ಣೆಯನ್ನು ತೆಳುವಾಗಿ, ಪದರದ ಮೇಲೆ ಪದರವಾಗಿ ಉಜ್ಜಲಾಗುತ್ತದೆ. ನಳಿಗೆಯ ಕಂದು ಬಣ್ಣವೆಂದರೆ ಹತೋಟಿಯಲ್ಲಿ ಹಿಡಿಸಿದ ತುಕ್ಕು: ಜಿಡ್ಡು ತೆಗೆದ ಉಕ್ಕಿಗೆ ದ್ರಾವಣ ಹಚ್ಚಿ ತೇವದ ಗಾಳಿಯಲ್ಲಿಟ್ಟು, ಎದ್ದ ಪುಡಿಯನ್ನು ಉಜ್ಜಿ ತೆಗೆದು, ಬಣ್ಣ ಸಮನಾಗುವ ತನಕ ಇದನ್ನೇ ಮುಂದುವರಿಸಿ, ಕೊನೆಯಲ್ಲಿ ಅಡುಗೆ ಸೋಡದ ನೀರಿನಿಂದ ತುಕ್ಕನ್ನು ತಡೆದು ಎಣ್ಣೆ ಹಚ್ಚುತ್ತಾರೆ.

ಇಂದು ಗಣಕಚಾಲಿತ ಯಂತ್ರಗಳು ಹಿಡಿಯನ್ನೂ ಕಚ್ಚುಗಳನ್ನೂ ಬಹುಮಟ್ಟಿಗೆ ಪೂರೈಸಿಯೇ ಕಳುಹಿಸುತ್ತಿರುವುದರಿಂದ ಉಳಿಯ ಕೆಲಸ ಕಡಿಮೆಯಾಗಿದೆ. ಆದರೂ ಎಲ್ಲಿ ಎಷ್ಟು ಹೆರೆಯಬೇಕು, ಬಣ್ಣವನ್ನು ಯಾವ ಹಂತದಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ ಹಳೆಯ ಲ್ಯಾಂಕಾಸ್ಟರಿನಲ್ಲಿದ್ದಂತೆಯೇ ಮಾಡುವವನ ಪಾಲಿಗೇ ಉಳಿದಿದೆ, ಮತ್ತು ಕಿಟ್ ಕೋವಿಯನ್ನು ಸಾಂಪ್ರದಾಯಿಕವೆಂದು ಕರೆಯಲು ಅಷ್ಟು ಆಧಾರ ಸಾಕು.

ನಳಿಗೆಯ ಬಾಯಿಂದ ತುಂಬುವ ಕೇಪಿನ ಕೋವಿ ಕರ್ನಾಟಕಕ್ಕೂ ಅಪರಿಚಿತವಲ್ಲ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೆ ಕೋವಿ ಹೊಂದಲು ಬ್ರಿಟಿಷರ ಕಾಲದಲ್ಲಿ ದೊರೆತ ಪರವಾನಗಿ ವಿನಾಯಿತಿ ಈಗಲೂ ಜಾರಿಯಲ್ಲಿದೆ. ಆದರೆ ಕೋವಿಯನ್ನು ಇಟ್ಟುಕೊಳ್ಳುವುದು ಬೇರೆ, ತಯಾರಿಸುವುದು ಬೇರೆ: 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಯಾವುದೇ ಬಂದೂಕನ್ನು ತಯಾರಿಸುವುದು ಭಾರತದಲ್ಲಿ ಅಪರಾಧವಾಗುತ್ತದೆ.